ಮೂರನೇ ಕೌಂಟರ್‌ಗೆ ನೀರು

ಬೆಳಗಿನ ಆರೂವರೆ. ಸೂಪರ್‌ಮಾರ್ಕೆಟ್ಟಿನ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಬರುವ ಈ ಐವತ್ತೆರಡರ ಹೆಂಗಸು ಮೊದಲು ನೋಡುವುದು ಹಾಲಿನ ಪೊಟ್ಟಣಗಳ ತಾರೀಖು. ಸೊಂಟ ಹಿಡಿದುಕೊಂಡಿದೆ, ಕಣ್ಣು ಉರಿಯುತ್ತಿದೆ. ಆದರೂ ತೂಕದ ಯಂತ್ರ, ಆರು ಕೌಂಟರ್‌ಗಳ ಬಿಲ್ಲಿನ ಸುರುಳಿ, ಎಲ್ಲವನ್ನೂ ನೋಡಿಯೇ ಕೂರುತ್ತಾರೆ. ಹೆಸರಿಗೆ ಮ್ಯಾನೇಜರ್. ಕೌಂಟರಿನ ಹುಡುಗಿಯರ ಬಾಯಲ್ಲಿ ಮಾತ್ರ ನೀರಕ್ಕ.

ಗಿರಾಕಿ ಸಿಡಿದೆದ್ದರೆ ಮೈಕಿನಲ್ಲಿ ‘ಜಗಳ’ ಎನ್ನುವ ಹಾಗಿಲ್ಲ. ‘ಮೂರನೇ ಕೌಂಟರ್‌ಗೆ ನೀರು’ ಎನ್ನುತ್ತಾರೆ. ಇವರು ಲೋಟ ಹಿಡಿದು ಹೊರಡುತ್ತಾರೆ. ದಿನಕ್ಕೆ ಏನಿಲ್ಲವೆಂದರೂ ಹದಿನೈದು ಲೋಟ. “ಮೊದ್ಲು ಕೂರಿಸ್ಬೇಕು, ಆಮೇಲೆ ಕುಡಿಸ್ಬೇಕು. ನೀರು ಕುಡೀತಾ ಯಾರೂ ಬಯ್ಯೋಕಾಗಲ್ಲ ನೋಡಿ,” ಎನ್ನುತ್ತಾರೆ.

ಇಪ್ಪತ್ಮೂರು ವರ್ಷದಿಂದ ಇದೇ ಅಂಗಡಿ. ಇವರೂ ಕೌಂಟರಿನಿಂದಲೇ ಮೇಲೆ ಬಂದವರು. ಮನೆಯಲ್ಲಿ ಗಂಡನದು ಒಂದೇ ದೂರು: “ಮಾತೆಲ್ಲಾ ಅಂಗಡೀಲೇ ಖರ್ಚು ಮಾಡಿ ಬರ್ತಾಳೆ. ನಮಗೆ ಬರೀ ಹ್ಞೂಂ, ಉಹ್ಞೂಂ.”

ಇವತ್ತು ಹನ್ನೊಂದು ಗಂಟೆಗೆ ಮೈಕಿನಲ್ಲಿ ನೀರಿನ ಕರೆ ಬರುತ್ತದೆ. ಹಿರಿಯರೊಬ್ಬರು ಮಿಕ್ಸಿ ವಾಪಸ್ ತಂದಿದ್ದಾರೆ, ತಿರುಗುತ್ತಿಲ್ಲವಂತೆ. ಕೌಂಟರಿನ ಹುಡುಗಿ ಜಾರನ್ನು ಒಮ್ಮೆ ತಿರುಚಿ ಕೂರಿಸಿದ್ದೇ ತಡ, ಮಿಕ್ಸಿ ಗುರ್ರೆಂದಿದೆ. ಅಷ್ಟಕ್ಕೆ ಸುಮ್ಮನಿರದೆ “ಇಷ್ಟೂ ಗೊತ್ತಾಗ್ಲಿಲ್ವಾ ಅಂಕಲ್?” ಎಂದುಬಿಟ್ಟಿದ್ದಾಳೆ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕಿದ್ದಾರೆ. ಹಿರಿಯರ ಮುಖ ಕೆಂಪಾಗಿದೆ. ಈ ಹುಡುಗಿಯ ಮೇಲೆ ಆಗಲೇ ಎರಡು ದೂರುಗಳಿವೆ. ವರ್ಷದಲ್ಲಿ ಮೂರಾದರೆ ಕೆಲಸ ಹೋಯಿತು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಹಿರಿಯರು ಕುರ್ಚಿಯಲ್ಲಿ ಕೂರುತ್ತಾರೆ, ಆದರೆ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. “ನೀರು ಬೇಡಮ್ಮ, ದೂರಿನ ಪುಸ್ತಕ ಕೊಡಿ.”

ನೀರಕ್ಕ ಪುಸ್ತಕ ತಂದು ಮುಂದಿಡುತ್ತಾರೆ. “ಬರೀರಿ ಸರ್, ನಿಮಗೆ ಬೇಜಾರಾಗಿದ್ದು ನಿಜ. ಆದ್ರೆ ನನ್ ಹೆಸರು ಹಾಕಿ. ಹಿರಿಯರ ಹತ್ರ ಹೇಗೆ ಮಾತಾಡ್ಬೇಕು ಅಂತ ಕಲಿಸ್ದೇ ಅವಳನ್ನ ಅಲ್ಲಿ ಕೂರಿಸ್ದೋಳು ನಾನು.”

ಹಿರಿಯರು ಕನ್ನಡಕ ಏರಿಸಿ ಪೆನ್ನು ತೆಗೆಯುತ್ತಾರೆ. ಆಮೇಲೆ ಬಗ್ಗಿ ಪುಟ ತುಂಬ ಬರೆಯುತ್ತಾರೆ, ಹೇಳಿದ ಹೆಸರನ್ನೇ ಹಾಕುತ್ತಾರೆ. ಮಿಕ್ಸಿ ಎತ್ತಿಕೊಂಡು ಹೊರಟುಹೋಗುತ್ತಾರೆ.

ಗೋದಾಮಿನ ಮೂಲೆಯಲ್ಲಿ ಅಳುತ್ತಿರುವ ಹುಡುಗಿಗೆ ನೀರಕ್ಕ ಹೇಳುವುದಿಷ್ಟೇ: “ಮುಖ ತೊಳ್ಕೊಂಡು ಬಾ. ನಾಲಿಗೆ ಸ್ವಲ್ಪ ಬಿಗಿ ಹಿಡಿ ಮಾರಾಯ್ತಿ, ನನಗೂ ವಯಸ್ಸಾಯ್ತು.”

ಈ ವರ್ಷ ನೀರಕ್ಕನ ಹೆಸರಿನಲ್ಲಿ ಇದು ಹನ್ನೊಂದನೆಯ ದೂರು. ಒಂದೂ ಅವರು ತಾವಾಗಿ ಸಂಪಾದಿಸಿದ್ದಲ್ಲ. ಹನ್ನೆರಡಾದರೆ ಮ್ಯಾನೇಜರಿಗೂ ಮನೆಯೇ ಗತಿ. ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿದೆ.

ಭಯವಾಗುವುದಿಲ್ಲವೇ ಎಂದು ಕೇಳಿದರೆ ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ಕೂರುತ್ತಾರೆ.

“ಆಗುತ್ತೆ. ಸುಸ್ತೂ ಆಗಿದೆ. ಆದ್ರೆ ನಾನು ಹೋಗೋದ್ರೊಳಗೆ ಇನ್ನೊಬ್ಬ ಹುಡುಗೀನ ಉಳಿಸ್ಕೊಳ್ಳೋಷ್ಟು ಜಾಗ ಆ ಪುಸ್ತಕದಲ್ಲಿ ಇದೆಯಲ್ಲ.”