ನೆಂಟರಿಗೆಂದು ಸವರಿದ ದಾರಿ

ಮರಿತಾಯಮ್ಮ ದೇವರನ್ನು ಬಂಗಾರ ಕೇಳಿದವಳಲ್ಲ, ಬಂಗಲೆ ಕೇಳಿದವಳಲ್ಲ. ಅವಳು ಕೇಳಿದ್ದು ದಾರಿ. ಅದೂ ಕಾರು ಓಡಿಸುವುದಕ್ಕಲ್ಲ, ಮಕ್ಕಳು ಸಾಯದೆ ಆಸ್ಪತ್ರೆ ಸೇರುವುದಕ್ಕೆ. ಅಷ್ಟು ಕೇಳಿದ್ದಕ್ಕೆ ಅವಳಿಗೆ ಕೊಟ್ಟದ್ದೇನು ಅಂತ ಹೇಳುತ್ತೇನೆ, ಕೇಳಿ. ಹೇಳುವಾಗ ನನ್ನ ಬಾಯಿ ಸ್ವಲ್ಪ ಕೆಡಬಹುದು, ಸಹಿಸಿಕೊಳ್ಳಿ.

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ಟಾರು ರಸ್ತೆ ಬಿಟ್ಟು, ಮದ್ದೂರಿನ ಕಾಡಂಚಿನಲ್ಲಿ ಅರ್ಧ ಗಂಟೆ ಒಳಕ್ಕೆ ನಡೆದರೆ ಅವಳ ಹಾಡಿ. ಜೇನುಕುರುಬರ ಇಪ್ಪತ್ತು ಮೂವತ್ತು ಮನೆಗಳು. ಅವಳ ಅಪ್ಪ ಅವ್ವ ಕಾಡಿನೊಳಗೆ ಹುಟ್ಟಿದವರು. ಹುಲಿಗೆ ಜಾಗ ಬೇಕು ಅಂತ ಅವರನ್ನು ಎಬ್ಬಿಸಿ ಅಂಚಿಗೆ ತಂದು ಕೂರಿಸಿದ ಮೇಲೆ ಹುಟ್ಟಿದವಳು ಇವಳು. ಮದುವೆಯಾದಳು, ವಯನಾಡಿನ ಶುಂಠಿ ಹೊಲಗಳಲ್ಲಿ ಬಗ್ಗಿ ಬಗ್ಗಿ ಸೊಂಟ ಕೆಡಿಸಿಕೊಂಡಳು, ಚಿಕ್ಕ ವಯಸ್ಸಿಗೇ ಗಂಡನನ್ನು ಮಣ್ಣು ಮಾಡಿದಳು. ಹೆತ್ತ ಮೂರರಲ್ಲಿ ಉಳಿದವಳು ಭಾನು ಒಬ್ಬಳೇ. ಮಿಕ್ಕೆರಡೂ ಮಳೆಗಾಲದ ಜ್ವರಕ್ಕೆ ಸಿಕ್ಕಿ, ಟಾರು ರಸ್ತೆಗೆ ಹೊತ್ತುಕೊಂಡು ಓಡುವಾಗ ಕೆಸರಿನಲ್ಲೇ ಕಣ್ಣು ಮುಚ್ಚಿದವು.

ಆ ಭಾನು ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಗಂಡ ವಯನಾಡಿನಲ್ಲಿ ಕೂಲಿ. ಮದ್ದೂರಿನ ನರ್ಸಮ್ಮ ಮೈ ಮುಟ್ಟಿ ನೋಡಿ, ಹುಡುಗಿಯ ಸೊಂಟ ಸಣ್ಣ, ಹೆರಿಗೆ ಮನೆಯಲ್ಲಿ ಬೇಡ, ನೋವು ಬಂದ ತಕ್ಷಣ ಗುಂಡ್ಲುಪೇಟೆ ಆಸ್ಪತ್ರೆಗೆ ತನ್ನಿ ಅಂದಿದ್ದಳು. ದಿನ ತುಂಬುವುದು ಆಷಾಢದಲ್ಲಿ. ಆಷಾಢವೆಂದರೆ ಆ ದಾರಿಯಲ್ಲಿ ಮೊಣಕಾಲು ಕೆಸರು. ಮರಿತಾಯಮ್ಮ ಆವತ್ತಿನಿಂದ ದಿನ ಎಣಿಸತೊಡಗಿದಳು.

ಸಂಕ್ರಾಂತಿ ಕಳೆದ ಮೇಲೆ ಪಂಚಾಯ್ತಿ ಮೆಂಬರ್ ಶಿವಸ್ವಾಮಿ ಹಾಡಿಗೆ ಬಂದ. ಯಜಮಾನ ಸೋಮಯ್ಯನ ಜಗಲಿ ಮೇಲೆ ಕೂತು ದೊಡ್ಡ ದನಿಯಲ್ಲಿ ಸುದ್ದಿ ಹೇಳಿದ.

“ಸೋಮಣ್ಣ, ದೊಡ್ ಸಾಹೇಬ್ರು ಬತ್ತಾವ್ರೆ ಕಣ. ಹಾಡಿಗಳಿಗೇ ಅಂತ ಸರ್ಕಾರದಿಂದ ದುಡ್ಡು ಬಂದದೆ. ಏನ್ ಬೇಕು ಅಂತ ನಿಮ್ಮನ್ನೇ ಕೇಳಿ ಪ್ಲಾನ್ ಮಾಡ್ತಾರಂತೆ.”

ಈ ಹಾಡಿಯಲ್ಲಿ ಒಂದು ಪದ್ಧತಿ. ನೆಂಟರು ಬರುತ್ತಾರೆಂದರೆ ಹಾಡಿಗೆ ಹಾಡಿಯೇ ಇಳಿದು ದಾರಿ ಸವರಬೇಕು. ಲಂಟಾನ ಕಡಿದು, ಮುಳ್ಳು ಆಯ್ದು, ಗುಂಡಿಗೆ ಕಲ್ಲು ತುಂಬಿ, ಮೇಲೆ ಕೆಮ್ಮಣ್ಣು ಹರಡಿ ತುಳಿದು ಗುಡಿಸಬೇಕು. ಬಂದವರ ಕಾಲಿಗೆ ಮುಳ್ಳು ಚುಚ್ಚಿದರೆ ಹಾಡಿಗೆ ಅವಮಾನ. ಹೆಣ್ಣು ಕೇಳಲು ಬರುವವರಿಗೆ ಅಷ್ಟು ಮಾಡುವ ಜನ, ದಾರಿಯನ್ನೇ ಕೊಡಲು ಬರುವ ಸಾಹೇಬರಿಗೆ ಕಡಿಮೆ ಮಾಡುತ್ತಾರೆಯೇ? ಕೂಲಿ ಬಿಟ್ಟು, ಮುದುಕರು ಮಕ್ಕಳೆನ್ನದೆ ಎಲ್ಲರೂ ಬಿದ್ದು ದುಡಿದರು. ಎಲ್ಲರಿಗಿಂತ ಮುಂದೆ ಮಚ್ಚು ಹಿಡಿದವಳು ಮರಿತಾಯಮ್ಮ. ದಾರಿ ಮದುವೆ ಮನೆಯ ಅಂಗಳದ ಹಾಗಾಯಿತು.

ಜೀಪು ಸೀದಾ ಸೋಮಯ್ಯನ ಬಾಗಿಲಿಗೆ ಬಂದು ನಿಂತಿತು. ಇಳಿದವನು ಇಂಜಿನಿಯರ್ ಸಾಗರ್. ಕಪ್ಪು ಕನ್ನಡಕ, ಥಳಥಳ ಬೂಟು. ಎಲೆಯಲ್ಲಿ ಇಟ್ಟುಕೊಟ್ಟ ಜೇನನ್ನು ಬೆರಳಲ್ಲಿ ನೆಕ್ಕಿ, “ಪ್ಯೂರ್ ಐಟಂ!” ಅಂದ. ನಿಮಗೇನು ಬೇಕು ಅಂತ ಕೇಳಿದಾಗ ಸೋಮಯ್ಯ ಮರಿತಾಯಮ್ಮನ ಕಡೆ ಕೈ ತೋರಿಸಿದ. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ದಾರಿ ಬೇಕು ಸಾ. ಬೇರೇನೂ ಬ್ಯಾಡ. ನನ್ ಮಗಳಿಗೆ ಆಸಾಡ್ದಲ್ಲಿ ಎರಿಗೆ. ಅಷ್ಟ್ರೊಳಗೆ ಆಂಬುಲೆನ್ಸ್ ಬರಂಗೆ ಮಾಡ್ಕೊಡಿ, ನಿಮ್ಗೆ ಪುಣ್ಯ ಬತ್ತದೆ.”

“ಆಯ್ತಮ್ಮ, ಮಳೆಗಾಲದೊಳಗೆ ಮಾಡ್ಸೋಣ ಬಿಡಿ” ಅಂದ ಸಾಗರ್. ಫೋಟೊ ಹೊಡೆಸಿಕೊಂಡ. ಹೋಗುವಾಗ ಎರಡು ಬಾಟಲಿ ಜೇನು ಜೀಪಿಗೆ ಹಾಕಿಸಿಕೊಂಡ. ಮರಿತಾಯಮ್ಮ ಆವತ್ತು ಹೊಟ್ಟೆ ತುಂಬ ಉಂಡಳು.

ಯುಗಾದಿಯ ಹೊತ್ತಿಗೆ ಶಿವಸ್ವಾಮಿ ಹಲ್ಲು ಕಿರಿದುಕೊಂಡು ಬಂದ. “ಹೊಡೀತ್ ಕಣ್ಲಾ ನಿಮ್ ಹಾಡಿಗೆ ಲಾಟ್ರಿ! ಸಮುದಾಯ ಭವನ ಬಂದದೆ. ಸ್ಟೇಜು, ಟೈಲ್ಸು, ಎಲ್ಲಾ!”

“ದಾರಿ?” ಅಂದಳು ಮರಿತಾಯಮ್ಮ.

“ದಾರಿ ಚೆಂದಾಗದಲ್ಲಮ್ಮಿ! ಸಾಹೇಬ್ರ ಜೀಪು ಬಾಗಿಲಗಂಟ ಬಂತು, ಒಂದ್ ಕಡೆಯೂ ಎತ್ತಾಕ್ನಿಲ್ಲ ಅಂದ್ರು. ಇರೋ ದಾರಿಗೆ ಯಾರ್ ದುಡ್ ಕೊಟ್ಟಾರು?”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅಲ್ಲೇ ಕುಕ್ಕರಿಸಿದಳು. “ಅಯ್ಯೋ, ನಮ್ ಕೈಯಾರ ನಾವೇ ಕೆಡಿಸ್ಕಂಡ್ಬುಟ್ವಲ್ಲಾ!” ಅಂತ ತಲೆ ಚಚ್ಚಿಕೊಂಡಳು.

ಮರುದಿನವೇ ಸೋಮಯ್ಯನನ್ನು ಕರೆದುಕೊಂಡು ಗುಂಡ್ಲುಪೇಟೆಯ ಆಫೀಸಿಗೆ ಹೋದಳು. ಮಧ್ಯಾಹ್ನದವರೆಗೆ ಹೊರಗೆ ಕಾಯಿಸಿ ಒಳಗೆ ಕರೆದರು. ಅದು ದಾರಿಯಲ್ಲ ಸಾ, ನೀವು ಬರುತ್ತೀರಂತ ನಾವು ಸವರಿದ್ದು, ಒಂದು ಮಳೆ ಬಿದ್ದರೆ ಕೊಚ್ಚಿಹೋಗುತ್ತದೆ, ಅಂತ ಇಬ್ಬರೂ ಕೈ ಮುಗಿದು ಹೇಳಿದರು. ಸಾಗರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕ.

“ಅಷ್ಟು ಚೆನ್ನಾಗಿ ಮಾಡೋಕೆ ನಿಮಗೇ ಬರುತ್ತಲ್ಲಮ್ಮ, ಮತ್ತೆ ಸರ್ಕಾರ ಯಾಕೆ ಬೇಕು?”

ಪಕ್ಕದಲ್ಲಿದ್ದವರೂ ನಕ್ಕರು. ಥೂ, ಅದೂ ಒಂದು ನಗುವೇ! ಸೋಮಯ್ಯ ಮಾತ್ರ ಬಾಗಿಲಲ್ಲಿ ಮತ್ತೊಮ್ಮೆ ಕೈ ಮುಗಿದೇ ಹೊರಬಂದ. ಯಾರಿಗೂ ಎದುರಾಡಿ ಗೊತ್ತಿಲ್ಲದ ಮನುಷ್ಯ.

ಭವನದ ಕಂಟ್ರಾಕ್ಟು ಶಿವಸ್ವಾಮಿಯ ಭಾಮೈದನಿಗೇ ಸಿಕ್ಕಿತು. ಇನ್ಯಾರಿಗೆ ಸಿಗಬೇಕಿತ್ತು? ಬೇಸಿಗೆಯೆಲ್ಲ ಜಲ್ಲಿ, ಸಿಮೆಂಟು ಹೊತ್ತ ಟ್ರ್ಯಾಕ್ಟರುಗಳು ಅದೇ ದಾರಿಯಲ್ಲಿ ಓಡಾಡಿದವು. ಮಣ್ಣು ಪುಡಿಯಾಯಿತು, ಗಾಲಿ ಕೊರೆದಲ್ಲೆಲ್ಲ ತೊಡೆಯುದ್ದದ ಹಳ್ಳ ಬಿತ್ತು. ಹುಣ್ಣಿಮೆಯಲ್ಲಿ ಆಕಾಶದ ಕೆಳಗೆ ಕುಣಿಯುವ ಜನಕ್ಕೆ ಗುಲಾಬಿ ಬಣ್ಣದ ಕಟ್ಟಡ ಎದ್ದು ನಿಂತಿತು. ಉದ್ಘಾಟನೆಗೆ ಗಣ್ಯರ ಡೇಟು ಸಿಕ್ಕಿಲ್ಲವೆಂದು ಅದಕ್ಕೂ ಬೀಗ. ಮರಿತಾಯಮ್ಮ ಅದರ ಕಡೆ ಬೆನ್ನು ಮಾಡಿಯೇ ಕೂರುತ್ತಿದ್ದಳು.

ಆಷಾಢ ಬಂತು. ಕೇರಳದ ಕಡೆಯಿಂದ ಮೋಡ ಏರಿ ಹಿಡಿದ ಮಳೆ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಭಾನುವಿಗೆ ನೋವು ಶುರುವಾಯಿತು. ಫೋನು ಮಾಡಿದರು. ಆಂಬುಲೆನ್ಸು ಬೇಗನೇ ಬಂತು, ಸುಳ್ಳು ಹೇಳಬಾರದು. ಆದರೆ ಟಾರು ರಸ್ತೆಯ ಹುಣಸೆಮರದ ಹತ್ತಿರ ನಿಂತುಬಿಟ್ಟಿತು. “ಒಳಗೆ ಬಂದ್ರೆ ಗಾಡಿ ಮಗುಚ್ಕೊಳ್ತದೆ, ಎತ್ಕೊಂಡ್ ಬನ್ನಿ” ಅಂದ ಡ್ರೈವರು. ಅವನ ತಪ್ಪೇನೂ ಇರಲಿಲ್ಲ.

ಕಂಬಳಿಯನ್ನು ಬಿದಿರಿಗೆ ಕಟ್ಟಿ, ಅದರಲ್ಲಿ ಭಾನುವನ್ನು ಮಲಗಿಸಿ ಹೊತ್ತರು. ಹಾಡಿಯ ಗಂಡಸರು ಕಾಡಾನೆಯ ಮುಂದೆಯೇ ಓಡಬಲ್ಲವರು. ಅಂಥವರೂ ಆ ಟ್ರ್ಯಾಕ್ಟರ್ ಹಳ್ಳಗಳಲ್ಲಿ ಹೆಜ್ಜೆ ಕೀಳಲಾರದೆ ತಿಣುಕಿದರು. ನಡುದಾರಿಯಲ್ಲಿ ಮುಂದಿನವನ ಕಾಲು ಜಾರಿ ಕಂಬಳಿ ಕೆಸರಿಗೆ ಬಿತ್ತು. ಭಾನು ಕಿರುಚಿದ್ದು ಹಾಡಿಯವರೆಗೂ ಕೇಳಿತು. ಮತ್ತೆ ಎತ್ತಿ, ಬಿದ್ದು, ಎದ್ದು, ಅರ್ಧ ಗಂಟೆಯ ದಾರಿಗೆ ಮಧ್ಯಾಹ್ನವಾಯಿತು. ಹುಣಸೆಮರದ ಕೆಳಗೆ ಇಳಿಸಿದಾಗ ಆಂಬುಲೆನ್ಸಿಗೆ ಹತ್ತಿಸುವ ಹೊತ್ತು ಮೀರಿತ್ತು. ಮರಿತಾಯಮ್ಮ ಮಗುವನ್ನು ತನ್ನ ಕೈಗೇ ಇಳಿಸಿಕೊಂಡಳು. ಹೆಣ್ಣು ಮಗು, ತಲೆ ತುಂಬ ಕೂದಲು. ಉಸಿರಿರಲಿಲ್ಲ. ಆಂಬುಲೆನ್ಸಿನ ನರ್ಸು ಎಷ್ಟು ತಿಕ್ಕಿದರೂ ಬರಲಿಲ್ಲ. ಭಾನುವಿನ ಜೀವ ಆಸ್ಪತ್ರೆಯಲ್ಲಿ ಹೇಗೋ ಉಳಿಯಿತು.

ದಸರೆ ಮುಗಿದ ಮೇಲೆ ಗಣ್ಯರ ಡೇಟು ಸಿಕ್ಕಿತು. ಹೆಂಗಸರು ಹಳೇ ಕಾಲದ ಉಡುಪಿನಲ್ಲಿ ಕುಣಿಯಬೇಕು ಅಂತ ಶಿವಸ್ವಾಮಿ ಹೇಳಿಕಳಿಸಿದ. ಮಳೆ ಇನ್ನೂ ಬಿಟ್ಟಿರಲಿಲ್ಲ. ಸೋಮಯ್ಯ ತಲೆ ಕೆರೆದುಕೊಂಡು, “ಏನಾರಾಗ್ಲಿ, ಬರೋರು ನೆಂಟ್ರು. ದಾರಿ ಸವರ್ಬುಡನ” ಅಂದ.

“ಯಾವನಾದ್ರೂ ಮಚ್ಚು ಮುಟ್ಟಿ ನೋಡ್ಲಿ!” ಅಂದಳು ಮರಿತಾಯಮ್ಮ. “ನನ್ ಮೊಮ್ಮಗಳ್ನ ತಿಂದೋರು ನೆಂಟ್ರಾ?”

ಯಾರೂ ಮಚ್ಚು ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಬಂದ ಪದ್ಧತಿ ಬಿಟ್ಟೆವಲ್ಲ ಅಂತ ಮುದುಕಿಯರು ಒಳಗೊಳಗೇ ಅಂಜಿದರು, ಆದರೂ ಮುಟ್ಟಲಿಲ್ಲ.

ಬಿಳಿ ಕಾರುಗಳು ಹುಣಸೆಮರದ ಬಳಿ ಸಾಲುಗಟ್ಟಿ ನಿಂತವು. ಬಿಳಿ ಬಟ್ಟೆಯವರು ಇಳಿದು ಹತ್ತು ಹೆಜ್ಜೆ ಇಟ್ಟು, ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು, ಛೀ ಛೀ ಅನ್ನುತ್ತ ಹಿಂದಕ್ಕೆ ಬಂದರು. ನಾಚಿಕೆಯಾದರೂ ಬೇಡವೇ? ಭವನಕ್ಕೆಂದು ಕೆತ್ತಿಸಿದ್ದ ಕಲ್ಲನ್ನು ಮರದ ಬುಡಕ್ಕೆ ಒರಗಿಸಿ, ಪರದೆ ಎಳೆದು, ಚಪ್ಪಾಳೆ ತಟ್ಟಿ, ಅಲ್ಲೇ ಉದ್ಘಾಟನೆ ಮುಗಿಸಿಬಿಟ್ಟರು. ಲಡ್ಡು ಹಂಚಿದರು. ಕಾರುಗಳು ಹೊರಟವು.

ಹಾಡಿಯವರ ಜೊತೆ ನಿಂತಿದ್ದ ಮರಿತಾಯಮ್ಮನನ್ನು ಕಂಡು, ಹಿಂದೆ ಉಳಿದಿದ್ದ ಸಾಗರ್ ಹತ್ತಿರ ಬಂದ. ಮುಖ ಗಂಟಿಕ್ಕಿತ್ತು.

“ಏನಮ್ಮ, ಹೋದ ಸಲ ಎಷ್ಟು ನೀಟಾಗಿ ದಾರಿ ಮಾಡಿದ್ರಿ, ಈ ಸಲ ಏನಾಯ್ತು? ದೊಡ್ಡೋರ ಮುಂದೆ ಮರ್ಯಾದೆ ಹೋಯ್ತು ನನ್ನದು.”

“ನೀವ್ ನಡ್ಯಾಕಾಗದ ಈ ದಾರೀಲೇ ಸಾ ನನ್ ಮಗಳನ್ನ ಒತ್ಕಂಡ್ ಬಂದಿದ್ದು” ಅಂದಳು ಅವಳು. “ಇಲ್ಲೇ, ನೀವು ಕಲ್ಲು ನಿಲ್ಲಿಸಿರೋ ತಾವೇ, ಮಗೀನ ಕೈಗಿಳಿಸ್ಕಂಡೆ. ಸತ್ತಿತ್ತು.”

ಸಾಗರ್ ಒಂದು ಹೆಜ್ಜೆ ಹಿಂದೆ ಸರಿದು ನೆಲ ನೋಡಿದ. ಆಮೇಲೆ ದನಿ ಮೆತ್ತಗೆ ಮಾಡಿಕೊಂಡು, “ಪಾಪ, ಹಾಗಾಗಬಾರದಿತ್ತು. ಮುಂದಿನ ವರ್ಷದ ಪ್ಲಾನ್‌ಗೆ ದಾರಿ ಸೇರಿಸೋಣ, ನಾನೇ ಸರ್ವೆಗೆ ಬರ್ತೀನಿ” ಅಂದ. “ಬರೋ ದಿನ ಮಾತ್ರ ಜೀಪು ಒಳಗೆ ಹೋಗೋ ಹಾಗೆ ಕ್ಲೀನ್ ಮಾಡಿಸಿಟ್ಟಿರಿ, ಆಯ್ತಾ?”

ಮರಿತಾಯಮ್ಮ ಅವನ ಬೂಟಿನ ಮೇಲೆ ಕ್ಯಾಕರಿಸಿ ಉಗಿದು, ಹಾಡಿಯ ಕಡೆ ತಿರುಗಿ ಕೆಸರಿಗಿಳಿದಳು. ಎಲ್ಲರೂ ಸೋಮಯ್ಯನ ಮುಖ ನೋಡಿದರು, ಈಗ ಕೈ ಮುಗಿದು ತಪ್ಪಾಯ್ತು ಅನ್ನುತ್ತಾನೆ ಅಂತ. ಸೋಮಯ್ಯ ಸಾಗರನ ಹತ್ತಿರ ಬಂದ, ಇನ್ನೊಂದು ಬೂಟಿನ ಮೇಲೆ ತಾನೂ ಉಗಿದ, ಅವಳ ಹಿಂದೆ ನಡೆದ.