ಮೂರನೇ ಬೇಸ್ ಬಿಡದ ಮಗಳು

‘ಓಡೇ ಮಾರಾಯ್ತಿ, ಓಡು!’ ಎಂದು ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದರೂ ಮೂರನೇ ಬೇಸ್‌ನಲ್ಲಿದ್ದ ಮಗಳು ಕದಲಲಿಲ್ಲ. ಶಿವಮೊಗ್ಗದಲ್ಲಿ ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯ. ರನ್ ಸಮನಾಗಿತ್ತು, ಕೊನೆಯ ಸರದಿಯಲ್ಲಿ ಅವಳು ಅಲ್ಲಿಂದ ಓಡಿ, ಬ್ಯಾಟ್ ಮಾಡುವ ಜಾಗವಾದ ಹೋಮ್ ಮುಟ್ಟಿದರೆ ಒಂದು ರನ್, ನಮ್ಮ ಭದ್ರಾವತಿ ಗೆದ್ದಂತೆ. ಗೆಳತಿ ಹೊಡೆದ ಚೆಂಡು ಆಕಾಶದಲ್ಲಿದ್ದರೆ, ಇವಳು ಬೇಸ್ ಮೇಲೆ ಕಾಲೂರಿ ಅದನ್ನೇ ನೋಡುತ್ತಿದ್ದಳು. ಆಗಲೇ ಓಡಿ, ಚೆಂಡು ಕ್ಯಾಚ್ ಆಗಿಬಿಟ್ಟರೆ ಅವಳೂ ಔಟಾಗಬಹುದೆಂದು ನನಗೇನು ಗೊತ್ತು! ಹೆದರಿದಳೆಂದು ಸಿಟ್ಟೇ ಬಂತು.

ಚೆಂಡು ಎದುರಾಳಿ ಹುಡುಗಿಯ ಗ್ಲೌಸ್‌ಗೆ ತಾಗಿ ಮೇಲಕ್ಕೆ ಪುಟಿಯಿತು. ತಾಗಿದ್ದೇ ತಡ, ಮಗಳು ಹೊರಟೇಬಿಟ್ಟಳು. ಆ ಹುಡುಗಿ ಪುಟಿದ ಚೆಂಡನ್ನು ಹಿಡಿದು ಎಸೆಯುವಷ್ಟರಲ್ಲಿ ಇವಳು ಧೂಳೆಬ್ಬಿಸಿಕೊಂಡು ಹೋಮ್‌ಗೆ ಜಾರಿದ್ದಳು. ಕ್ಯಾಚ್ ಪೂರ್ತಿಯಾಗುವ ಮೊದಲೇ ಓಡಿದಳು, ಔಟ್ ಕೊಡಿ ಎಂದು ಆ ಕಡೆಯವರು ಗಲಾಟೆ ಎಬ್ಬಿಸಿದರು. ಚೆಂಡು ಮೊದಲ ಸಲ ತಾಗುವವರೆಗೆ ಬೇಸ್ ಮೇಲಿದ್ದರೆ ಸಾಕು ಎಂದು ಅಂಪೈರ್ ರನ್ ಕೊಟ್ಟರು.

ಊರಿಗೆ ಮರಳುವಾಗ ಬಸ್ಸು ಮಲವಗೊಪ್ಪ ದಾಟುತ್ತಿತ್ತು. ‘ನಾನಷ್ಟು ಕೂಗಿದ್ರೂ ಹೇಗೆ ನಿಂತ್ಕೊಂಡೆ?’ ಎಂದೆ.

‘ಖೋಖೋ ಕಲಿಸ್ವಾಗ ನೀನೇ ಅಲ್ವೇನಮ್ಮ ಹೇಳಿದ್ದು, ಬೆನ್ನಿಗೆ ಕೈ ತಾಗೋ ತನಕ ಏಳ್ಬಾರದು, ತಾಗಿದ್ಮೇಲೆ ಕೂತಿರ್ಬಾರದು ಅಂತ?’ ಎಂದಳು.

ಮದುವೆಯಾದ ಮೇಲೆ ನಾನು ಅಂಗಳಕ್ಕಿಳಿದು ಆಡಿದ್ದೇ ಇಲ್ಲ. ಆದರೂ ಆ ರನ್‌ನಲ್ಲಿ ನನ್ನ ಪಾಲೂ ಇದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ‘ಓಡು’ ಎಂದು ಕೂಗಿದ್ದನ್ನು ಮಾತ್ರ ಇಲ್ಲೇ ಮೊದಲು ಹೇಳುತ್ತಿರುವುದು.