ಎರಡು ವಿಸಿಲ್

೨೦೦೬ರ ಮೇ ತಿಂಗಳ ಒಂದು ಬೆಳಿಗ್ಗೆ ಹಿರಿಯಡ್ಕದಲ್ಲಿ, ಕಾರ್ಕಳದಿಂದ ಉಡುಪಿಗೆ ಹೊರಟಿದ್ದ ಬಸ್ಸಿನ ಹಿಂಬಾಗಿಲಿನ ಮೆಟ್ಟಿಲಿನಿಂದ ಒಬ್ಬ ಹೆಂಗಸು ಬಿದ್ದು ಕಾಲು ಮುರಿದುಕೊಂಡರು. ಬಸ್ಸು ಮುಂದಕ್ಕೆ ಜಗ್ಗಿದಾಗ ಕಂಡಕ್ಟರ್ ಬಾಯಲ್ಲಿ ವಿಸಿಲ್ ಇರಲಿಲ್ಲ. ಅದು ಕಪ್ಪು ದಾರದಲ್ಲಿ ಅವರ ಎದೆಯ ಮೇಲೆ ನೇತಾಡುತ್ತಿತ್ತು. ಹಿತ್ತಾಳೆಯ ವಿಸಿಲ್, ಹದಿನೆಂಟು ವರ್ಷ ಹಲ್ಲಿನಲ್ಲಿ ಕಚ್ಚಿ ಕಚ್ಚಿ ಅದರ ತುದಿ ಚಪ್ಪಟೆಯಾಗಿತ್ತು.

ಮರುದಿನದ ಪತ್ರಿಕೆಯಲ್ಲಿ ಆರು ಸಾಲಿನ ಸುದ್ದಿ ಬಂತು. ಹೆಂಗಸು ಇಳಿದು ಮುಗಿಯುವ ಮೊದಲೇ ಕಂಡಕ್ಟರ್ ವಿಸಿಲ್ ಊದಿದ್ದರಿಂದ ಅವಘಡ ನಡೆಯಿತು ಎಂದು ಅದರಲ್ಲಿತ್ತು. ಬರೆದವನು ನಾನು. ನಾನು ಅದೇ ಬಸ್ಸಿನಲ್ಲಿದ್ದೆ.

ಆಗ ನನ್ನ ಮನೆ ಕುಕ್ಕುಂದೂರಿನಲ್ಲಿ, ಕೆಲಸ ಉಡುಪಿಯ ಒಂದು ಸಣ್ಣ ಪತ್ರಿಕೆಯಲ್ಲಿ. ದಿನವೂ ಅವರ ಬಸ್ಸಿಗೇ ಹೋಗುತ್ತಿದ್ದೆ. ಡ್ರೈವರ್ ಹಿಂದಿನ ಸೀಟು ನನ್ನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಕಂಡಕ್ಟರ್ ಸಣಕಲು ಮನುಷ್ಯ. ಬಲಗೈಯ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಟಿಕೆಟ್ ಹರಿಯುವುದಕ್ಕೆ ಇರಬೇಕು ಎಂದುಕೊಂಡಿದ್ದೆ. ಅದು ಫೋನಿನ ಗುಂಡಿ ಒತ್ತುವುದಕ್ಕೆ.

ಅವರು ರಿಂಗ್‌ಟೋನ್ ಮಾಡುತ್ತಿದ್ದರು. ಮೊದಮೊದಲು ಫೋನಿನಲ್ಲಿ ಸದ್ದು ಹಿಡಿಯಲು ಆಗುತ್ತಿರಲಿಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ಗುಂಡಿ ಒತ್ತಿ ಕೂಡಿಸಬೇಕಿತ್ತು. ಯಾವ ಗುಂಡಿ, ಎಷ್ಟು ಸಲ ಎಂದು ಹಳೆಯ ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ಆಮೇಲೆ ಮಣಿಪಾಲದ ಕಾಲೇಜು ವಿದ್ಯಾರ್ಥಿಯೊಬ್ಬ ಊರಿಗೆ ಹೋಗುವಾಗ ಮಾರಿದ ಫೋನೊಂದು ಸಿಕ್ಕಿತು. ಅದರಲ್ಲಿ ರೆಕಾರ್ಡ್ ಮಾಡಬಹುದಿತ್ತು. ಅಂದಿನಿಂದ ಅವರಿಗೆ ದಾರಿಯೆಲ್ಲ ಕಿವಿ. ಕಾಯಿ ತುರಿಯುವ ಸದ್ದು, ದೋಸೆ ಕಾವಲಿಯ ಚುಂಯ್, ಕಾಪುವಿನಿಂದ ಬರುವ ಮೀನಿನ ಹೆಂಗಸು ಬುಟ್ಟಿ ಇಳಿಸುವಾಗ ಬಿಡುವ ಉಸಿರು, ಎಲ್ಲವೂ ಆ ಫೋನಿನೊಳಗೆ ಸೇರಿದವು. ಉಡುಪಿಯಲ್ಲಿ ಮುಂದಿನ ಟ್ರಿಪ್ಪಿಗೆ ಅರ್ಧ ಗಂಟೆ ಸಮಯ ಇರುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ಬೇಕಾದದ್ದನ್ನು ಇಟ್ಟು ಬೇಡದ್ದನ್ನು ಅಳಿಸುತ್ತಿದ್ದರು. ಒಂದು ಪೈಸೆ ತೆಗೆದುಕೊಂಡವರಲ್ಲ. "ಬ್ಲೂಟೂತ್ ಆನ್ ಮಾಡಿ, ಹತ್ತಿರ ತನ್ನಿ" ಎನ್ನುವುದಷ್ಟೆ.

ಯಾಕೆ ಇಷ್ಟು ಕಷ್ಟ ಎಂದು ಒಮ್ಮೆ ಕೇಳಿದ್ದೆ.

"ಕಂಪೆನಿಯ ಟೋನ್ ಎಲ್ಲರದ್ದೂ ಒಂದೇ ಅಲ್ವಾ ಮಾರಾಯ್ರೆ? ಬಸ್ಸಲ್ಲಿ ಒಂದು ಫೋನ್ ಬಡಿದರೆ ಹತ್ತು ಜನ ಕಿಸೆ ಮುಟ್ಟಿಕೊಳ್ತಾರೆ. ಮನುಷ್ಯನಿಗೆ ತನ್ನದು ಅಂತ ಒಂದು ಸದ್ದಾದರೂ ಬೇಡವಾ?"

ನಿವೃತ್ತ ಮೇಷ್ಟ್ರೊಬ್ಬರು ಅದೇ ಬಸ್ಸಿಗೆ ಬರುತ್ತಿದ್ದರು. ತನಗೆ ಫೋನ್ ಮಾಡುವವಳು ಹೆಂಡತಿ ಒಬ್ಬಳೇ, ಟೋನ್ ಎಂತಕ್ಕೆ ಎಂದಿದ್ದರು. ಮುಂದಿನ ವಾರ ಅವರ ಹೆಂಡತಿ ಬಸ್ಸು ಹತ್ತಿದಾಗ ಕಂಡಕ್ಟರ್ ಗುಟ್ಟಾಗಿ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರು. ಮತ್ತೆರಡು ದಿನಕ್ಕೆ ತುಂಬಿದ ಬಸ್ಸಿನಲ್ಲಿ ಮೇಷ್ಟ್ರ ಕಿಸೆ ಕೂಗಿತು: "ಎಲ್ಲಿದ್ದೀರಿ? ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ, ಮರೀಬೇಡಿ!"

"ಎತ್ತಿ ಮೇಷ್ಟ್ರೆ," ಎಂದರು ಕಂಡಕ್ಟರ್.

"ಎತ್ತಿದರೂ ಅದೇ ಹೇಳುವುದು, ಎತ್ತದಿದ್ದರೂ ಅದೇ," ಎಂದು ಮೇಷ್ಟ್ರು ಹಾಗೇ ಕೂತರು. ಡ್ರೈವರ್ ನಕ್ಕು ನಕ್ಕು ಬಸ್ಸನ್ನು ಬದಿಗೆ ನಿಲ್ಲಿಸಬೇಕಾಯಿತು.

ನಾನು ಇದನ್ನೆಲ್ಲ ಸೇರಿಸಿ ಐದನೇ ಪುಟಕ್ಕೆ ಒಂದು ಸಣ್ಣ ಲೇಖನ ಬರೆದೆ. ಅವರ ಫೋಟೊ ಬಂತು. ಅದನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಬಸ್ಸಿನಲ್ಲಿ ದೇವರ ಪಟದ ಕೆಳಗೆ ಸಿಕ್ಕಿಸಿದರು. "ನಿಮಗೆ ಎಂತ ಕೊಡುವುದು, ಹೇಳಿ" ಎಂದರು. ನಾನು ಕೇಳಿದ್ದು ವಿಸಿಲ್.

ಆ ಬಸ್ಸುಗಳಲ್ಲಿ ಒಂದು ವಿಸಿಲ್ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ಡ್ರೈವರ್ ತಿರುಗಿ ನೋಡುವುದಿಲ್ಲ, ಕಿವಿಯನ್ನೇ ನಂಬುತ್ತಾರೆ. ನನಗೆ ಎರಡು ವಿಸಿಲ್ ಬೇಕಿತ್ತು.

"ಅದೊಂದು ಬೇಡ. ಅದು ಆಟದ ಸಾಮಾನಲ್ಲ," ಎಂದರು.

ನಾನು ಬಿಡಲಿಲ್ಲ. ಹದಿನೈದು ದಿನ ಕೇಳಿದೆ. ಲೇಖನ ಬರೆದವನ ಸಲಿಗೆ ಅದು. ಕೊನೆಗೆ ಉಡುಪಿ ನಿಲ್ದಾಣದಲ್ಲಿ, ಖಾಲಿ ಬಸ್ಸಿನಲ್ಲಿ, ಫೋನನ್ನು ಸೀಟಿನ ಮೇಲಿಟ್ಟು ಎರಡು ಸಲ ಊದಿದರು. ಪರೀಕ್ಷೆಗೆಂದು ನನ್ನ ಫೋನಿಗೆ ರಿಂಗ್ ಕೊಟ್ಟರು. ಪಕ್ಕದ ಬಸ್ಸಿನ ಡ್ರೈವರ್, ಸ್ಟೀರಿಂಗ್ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದವರು, ಎದ್ದು ಇಂಜಿನ್ ಚಾಲೂ ಮಾಡಿದರು. ನಾವಿಬ್ಬರೂ ನಕ್ಕೆವು. ಮೊದಲು ನಗು ನಿಲ್ಲಿಸಿದವರು ಅವರು.

"ನೋಡಿದಿರಾ? ಬಸ್ಸು ಹತ್ತುವ ಮೊದಲು ಸೈಲೆಂಟ್ ಮಾಡಬೇಕು. ಮಾತು ಕೊಡಿ."

ಕೊಟ್ಟೆ. ಆಮೇಲೆ ದಿನವೂ ನಾನು ಹತ್ತುವಾಗ ಅವರು ನನ್ನ ಕಿಸೆಯ ಕಡೆ ಬೆರಳು ತೋರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ಬೆಳಿಗ್ಗೆ ಬಸ್ಸು ತುಂಬಿತ್ತು, ಅವರು ಹಿಂದೆ ಇದ್ದರು, ಬೆರಳು ತೋರಿಸಲಿಲ್ಲ. ನಾನು ಮರೆತೆ.

ಹಿರಿಯಡ್ಕದಲ್ಲಿ ಇಳಿದವರು ಉತ್ತರ ಕರ್ನಾಟಕದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಂಗಸು. ಬುತ್ತಿಯ ಗಂಟನ್ನು ಸೀಟಿನಲ್ಲೇ ಬಿಟ್ಟಿದ್ದರು. ಕೊನೆಯ ಮೆಟ್ಟಿಲಲ್ಲಿ ನಿಂತು ಕೈ ಚಾಚಿದರು. ಕಂಡಕ್ಟರ್ ಬಾಗಿ ಎರಡೂ ಕೈಯಲ್ಲಿ ಗಂಟು ಕೊಡುತ್ತಿದ್ದರು. ಆಗ ನನ್ನ ಫೋನ್ ಬಡಿಯಿತು, ಡ್ರೈವರ್ ಕಿವಿಯಿಂದ ಒಂದು ಮೊಳ ದೂರದಲ್ಲಿ. ಕಚೇರಿಯಿಂದ ಬಂದ ಕರೆ. ಬಸ್ಸು ಹೊರಟಿತು. "ಹೋಲ್ಡ್! ಹೋಲ್ಡ್!" ಎಂದು ಅವರು ಕೂಗುವಷ್ಟರಲ್ಲಿ ಹೆಂಗಸು ಬಿದ್ದಾಗಿತ್ತು.

ಅವರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಕಂಡಕ್ಟರ್. ಮಧ್ಯಾಹ್ನ ನಾನು ಹೋದೆ. ಹೆಂಗಸು ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದರು. "ಅಣ್ಣಾರು ಊದಿಲ್ರೀ," ಎಂದರು. "ಅವರ ಮಾರಿ ನೋಡಾಕತ್ತಿದ್ದೆ ನಾ. ಬಾಯಾಗ ಏನೂ ಇದ್ದಿಲ್ಲ." ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ನನ್ನ ಹತ್ತಿರ ಉಂಟು.

ಹೊರಗೆ ಜಗಲಿಯಲ್ಲಿ ಕಂಡಕ್ಟರ್ ನನ್ನನ್ನು ಬದಿಗೆ ಕರೆದರು.

"ನಾನೇ ಊದಿದ್ದು ಅಂತ ಧಣಿಗಳಿಗೆ ಹೇಳಿ ಆಯಿತು. ನೀವು ಹಾಗೇ ಬರೆಯಿರಿ."

"ಯಾಕೆ ಹಾಗೆ ಹೇಳಿದಿರಿ?"

"ಬೇಡ ಅಂತ ಗೊತ್ತಿದ್ದೂ ಮಾಡಿಕೊಟ್ಟವ ನಾನಲ್ವಾ? ನಿಮ್ಮ ಹೆಸರು ಬಂದರೆ ನಿಮ್ಮ ಕೆಲಸವೂ ಹೋಗ್ತದೆ. ಒಬ್ಬನದ್ದು ಹೋದರೆ ಸಾಕು."

ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಸಂಜೆ ಕಚೇರಿಯಲ್ಲಿ ಕೂತು ಆರು ಸಾಲು ಬರೆದೆ. ಬಸ್ಸಿನ ಮಾಲೀಕರ ಹೇಳಿಕೆಯಂತೆ ಎಂದು ಬರೆದಿದ್ದರಿಂದ ಯಾರೂ ಪ್ರಶ್ನಿಸಲಿಲ್ಲ. ಹೆಂಗಸು ಹೇಳಿದ್ದನ್ನು ಬಿಟ್ಟೆ.

ಧಣಿಗಳು ಅವರನ್ನು ಮೂರನೇ ದಿನ ತೆಗೆದರು. ಆಗ ದೇವರ ಪಟದ ಕೆಳಗಿನ ನನ್ನ ಲೇಖನವನ್ನು ಕಿತ್ತು ಎದುರಿಗೆ ಹಿಡಿದು, "ಪೇಪರಲ್ಲೇ ಬಂದಿದೆಯಲ್ಲ ನಿನ್ನ ಕೆಲಸ ಎಂತ ಅಂತ" ಎಂದರಂತೆ. ಇದನ್ನು ಹೇಳಿದವರು ಡ್ರೈವರ್. "ನನಗೆ ಎರಡು ಕೇಳಿತು, ಬಿಟ್ಟೆ. ಅವ ಊದಿದ್ದೇ ಅಂತ ಈಗಲೂ ನಂಬಿಕೆ ಬರುವುದಿಲ್ಲ," ಎಂದೂ ಹೇಳಿದರು. ಅವರಿಗೂ ನಾನು ಏನೂ ಹೇಳಲಿಲ್ಲ. ಟೋನ್ ಅಳಿಸಿದ್ದೆ. ಬಸ್ಸನ್ನೂ ಬದಲಾಯಿಸಿದ್ದೆ.

ಎರಡು ವರ್ಷದ ಮೇಲೆ ವರದಿಗೆಂದು ಕಾಪುವಿಗೆ ಹೋಗಿದ್ದಾಗ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಅವರು ಕಂಡರು. ಪೈಪು ಹಿಡಿದು ನಿಂತಿದ್ದರು. ಹೆಬ್ಬೆರಳಿನ ಉಗುರನ್ನು ಕತ್ತರಿಸಿದ್ದರು. ಊರಿನ ಸುದ್ದಿ, ಮಳೆಯ ಸುದ್ದಿ ಮಾತಾಡಿದೆವು. ಆ ಹೆಂಗಸು ಈಗ ನಡೆಯುತ್ತಾರೆ, ಸ್ವಲ್ಪ ಕುಂಟು ಉಂಟು ಎಂದರು. ಆಗಾಗ ಹೋಗಿ ನೋಡಿ ಬರುತ್ತಿದ್ದರಂತೆ. ನಾನು ತಿದ್ದುಪಡಿ ಹಾಕಿಸುತ್ತೇನೆ, ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ ಎಂದೆ.

"ಬರೆಯುವುದಾದರೆ ಬರೆಯಿರಿ," ಎಂದರು. ಬೇಡ ಎನ್ನಲಿಲ್ಲ.

ಅಷ್ಟರಲ್ಲಿ ಒಂದು ಫೋನ್ ಬಡಿಯಿತು. ಕಂಪೆನಿಯ ಟೋನ್. ಇಬ್ಬರೂ ಕಿಸೆ ಮುಟ್ಟಿಕೊಂಡೆವು. ಅವರದ್ದಾಗಿತ್ತು.

ಅದಾಗಿ ಕೆಲವು ವರ್ಷಕ್ಕೆ ಅವರು ಕಾರ್ಕಳದಲ್ಲಿ, ಮಗಳ ಮನೆಯಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಬ್ಲೂಟೂತ್‌ನ ಆ ಹಳೆಯ ಫೋನ್ ಮನೆಯಲ್ಲಿದೆ, ಚಾರ್ಜ್ ಆಗುವುದಿಲ್ಲ ಎಂದು ಮಗಳು ಹೇಳಿದರು. ನಮ್ಮ ಪತ್ರಿಕೆ ಅದಕ್ಕೆ ಒಂದು ವರ್ಷ ಮೊದಲೇ ನಿಂತಿತ್ತು. ಅದರ ಕೊನೆಯ ಸಂಚಿಕೆಯವರೆಗೂ ಆ ಆರು ಸಾಲಿಗೆ ತಿದ್ದುಪಡಿ ಪ್ರಕಟವಾಗಲಿಲ್ಲ.